ಮರೆಯ ಒಳಮೈ

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ಕಾಲ, ಬೆಳಗಿನ ಹೊತ್ತು. ಭಾವನ ಹೊಲಿಗೆ ಅಂಗಡಿಯ ಬಾಗಿಲನ್ನು ಆಗಷ್ಟೇ ಎತ್ತಿದ್ದೆವು. ನಾನು ಕಿಟಕಿಯ ಬೆಳಕಿಗೆ ಕೂತು ಕಾಜಾ ಹೊಲಿಯುತ್ತಿದ್ದೆ. ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ಉದ್ದ ಕೋಟಿನ ಹೆಂಗಸೊಬ್ಬಳು ಬಂದು ಲಂಗದ ಸೊಂಟ ಬಿಗಿ ಮಾಡಿಕೊಡಿ ಎಂದಳು.

"ಮರೆಗೆ ಹೋಗಿ ಹಾಕ್ಕೊಂಡು ಬನ್ನಿ, ಎಷ್ಟು ಸಡಿಲ ಇದೆ ನೋಡೋಣ" ಎಂದರು ಭಾವ.

ಹೋದವಳು ಬರಲೇ ಇಲ್ಲ. ಕೊನೆಗೆ ಅಕ್ಕನೇ ಕೂಗಿದಳು: "ಏನಮ್ಮಾ, ಒಳಗೆ ಸಂಸಾರ ಹೂಡಿಬಿಟ್ರಾ?"

ಒಳಗಿನಿಂದ ಮೊದಲು ನಗು ಬಂತು, ಆಮೇಲೆ ಮಾತು: "ಇದನ್ನ ಬರೆದೋರು ಯಾರು?"

ಮರೆ ಎಂದರೆ ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿದ್ದ ಮರದ ಅಡ್ಡತಟ್ಟಿ. ನಾಲ್ಕು ಹಲಗೆ, ನಡುವೆ ಕೀಲು, ಬೇಕಾದಂತೆ ಮಡಚಬಹುದು. ಬಂದ ಹೆಂಗಸರು ಅದರ ಹಿಂದೆ ನಿಂತು ಬಟ್ಟೆ ಬದಲಿಸುತ್ತಿದ್ದರು. ಅದರ ಹೊರಮೈಗೆ ಚಿತ್ರ ಬರೆದವರು ಭಾವ. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ನೋಡಿಕೊಂಡು ಬರೆದ ಕೆರೆ, ಕೆರೆಯಲ್ಲಿ ಹಂಸಗಳು. ಒಂದರ ಕತ್ತು ಕೊಡೆಯ ಹಿಡಿಯಂತೆ ಸೊಟ್ಟ, ಏಕೆಂದರೆ ಮುಚ್ಚಳ ಅಲ್ಲಿ ನಜ್ಜಾಗಿತ್ತು. ಇನ್ನೊಂದನ್ನು ಚಹಾದ ಕೆಟಲ್ ಎಂದರೂ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ. ಕೆಳಗೆ, ಹಂಸಕ್ಕಿಂತ ದಪ್ಪವಾಗಿ, ಭಾವನ ಸಹಿ.

ಒಳಮೈ ಅಕ್ಕನದು. ಭಾವ ಊಟ ಮಾಡಿ ಗೊರಕೆ ಹೊಡೆಯುವ ಹೊತ್ತಿನಲ್ಲಿ, ಬೋರ್ಡು ಬರೆಯುವವನು ಬಿಟ್ಟುಹೋದ ಬಣ್ಣದಲ್ಲಿ, ವರ್ಷಗಟ್ಟಲೆ ಬರೆದದ್ದು. ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಕ್ಕೆಳೆದುಕೊಂಡವಳು. ಅಂಗಿಯ ತೋಳಿಗೆ ತಲೆ ತೂರಿಸಿ ದಾರಿ ತಪ್ಪಿದವಳು. ಯಾರೂ ನೋಡುತ್ತಿಲ್ಲ ಎಂದು ಕಂಕುಳು ಮೂಸಿಕೊಳ್ಳುವವಳು. ಗಂಡ ಹೊಡೆದ ಕಪ್ಪು ಗುರುತನ್ನು ಹೊಸ ಬಟ್ಟೆ ಮುಚ್ಚುತ್ತದೋ ಇಲ್ಲವೋ ಎಂದು ಹೊರಳಿ ನೋಡುವವಳು. ಎಲ್ಲರೂ ನಮ್ಮ ಅಂಗಡಿಗೆ ಬಂದವರೇ. ಹೊರಗೆ ಕುರ್ಚಿಯಲ್ಲಿ ಕಾಯುವ ಗಂಡಂದಿರಿಗೆ ಹಂಸ, ಒಳಗೆ ಹೋದ ಹೆಂಗಸರಿಗೆ ತಮ್ಮದೇ ಮೈ. ಒಳಗೆ ನಗು ಎದ್ದಾಗಲೆಲ್ಲ ಹೊರಗಿನವರು ತಮ್ಮನ್ನೇ ನೋಡಿ ನಕ್ಕರೇನೋ ಎಂದು ಮೀಸೆ ಸವರಿಕೊಳ್ಳುತ್ತಿದ್ದರು. ಅಕ್ಕ ಒಳಗೆ ಬರೆಯುವುದು ಭಾವನಿಗೆ ಗೊತ್ತಿತ್ತು. "ಅವಳೇನೋ ಗೀಚ್ತಾಳೆ" ಎನ್ನುತ್ತಿದ್ದರು, ಅಷ್ಟೆ.

ಕೋಟಿನಮ್ಮ ಕಲಾ ಮ್ಯೂಸಿಯಂನಲ್ಲಿ ಕೆಲಸ ಮಾಡುವವಳು. ಸರ್ಕಾರದ ಮ್ಯೂಸಿಯಂಗೆ ಯಾವ ಚಿತ್ರ ಬೇಕು, ಯಾವುದು ಬೇಡ ಎಂದು ಹುಡುಕಿ ಹೇಳುವುದು ಅವಳ ಕೆಲಸವಂತೆ. "ಇದು ನಮ್ಮಲ್ಲಿರಬೇಕು" ಎಂದಳು.

ಬೇರೆ ಹೊತ್ತಿನಲ್ಲಾಗಿದ್ದರೆ ಅಕ್ಕ ನಕ್ಕು ಕಳಿಸುತ್ತಿದ್ದಳು. ಆದರೆ ಭಾವನ ಕಣ್ಣು ಮಂಜಾಗಿ ಅಂಗಡಿ ಮುಚ್ಚುವ ಮಾತು ಆಗಲೇ ನಡೆದಿತ್ತು. ಮರೆಯನ್ನು ಮನೆಗೆ ತಂದರೆ ಮಂಚ ಬೀದಿಗೆ ಬರಬೇಕು. ಹಳೇ ಸಾಮಾನಿನವನು ಬಂದು ಬೆರಳಿನಿಂದ ಕುಟ್ಟಿ ನೋಡಿ, "ಬಣ್ಣ ಕೆರೆದ್ರೆ ಹಲಗೆ ಚೆನ್ನಾಗಿದೆ" ಎಂದು ಹೋಗಿದ್ದ. ಆ ಮಾತು ಕೇಳಿದ ದಿನದಿಂದ ಅಕ್ಕನಿಗೆ ಅನ್ನ ಸೇರಿರಲಿಲ್ಲ.

"ಕೊಡ್ತೀನಿ, ತಗೊಂಡು ಹೋಗಿ" ಎಂದಳು. "ಆದ್ರೆ ಹಿಂಗೇ ನಿಲ್ಲಿಸ್ಬೇಕು. ಬಂದ ಹೆಂಗಸ್ರು ಹಿಂದೆ ಹೋಗಿ ನೋಡ್ಬೇಕು. ಅದೊಂದೇ ನನ್ನ ಆಸೆ."

"ಖಂಡಿತ ಅಮ್ಮಾ. ಹಿಂಗೇ ನಿಲ್ಲಿಸ್ತೀವಿ."

ತರಕಾರಿ ಕೊಂಡ ಹಾಗೆ, ನೋಡಿದರು, ಒಯ್ದರು ಎಂದುಕೊಂಡಿದ್ದೆ ನಾನು. ಮ್ಯೂಸಿಯಂಗೆ ಒಂದು ಹಲಗೆ ಸೇರುವುದೆಂದರೆ ದೊಡ್ಡ ಮನೆಗೆ ಸೊಸೆ ಸೇರಿದ ಹಾಗೆ. ಕುಲ ಕೇಳಿದರು, ಮೂಲ ಕೇಳಿದರು, ರೋಗ ಇದೆಯೇ ಎಂದು ಕೇಳಿದರು. ಫೋಟೋದವನು ಬಂದ. ಹುಳ ನೋಡುವವನು ಬಂದು ದೀಪ ಹಿಡಿದು ಬಿರುಕಿಗೆಲ್ಲ ಇಣುಕಿದ. ಇಷ್ಟು ಕಾಲ ಒದ್ದೆ ಒಳಲಂಗ, ಹಳೇ ಟವಲು ಎಲ್ಲ ಹೊತ್ತ ಮರೆಯನ್ನು ಈಗ ಬಿಳಿ ಕೈಗವಸು ತೊಟ್ಟು ಹಸುಗೂಸಿನಂತೆ ಮುಟ್ಟಿದರು.

ಕಡೆಗೆ ನಿರ್ದೇಶಕರೇ ಬಂದರು. ಮಾತಿಗೆ ಮೊದಲು ಕಣ್ಣು ಮುಚ್ಚುವ ಮನುಷ್ಯ. ಮರೆಯ ಮುಂದೆ ನಿಂತು ಹಂಸ ನೋಡಿ "ಹೂಂ" ಎಂದರು.

"ಸರ್, ಮುಖ್ಯವಾದದ್ದು ಹಿಂದಿದೆ" ಎಂದಳು ಕೋಟಿನಮ್ಮ.

"ಅದು ಹೆಂಗಸರ ಜಾಗ ಸ್ವಾಮಿ, ನಾನೇ ಹೋಗಲ್ಲ" ಎಂದು ಭಾವ ಹಲ್ಲು ಕಿರಿದರು. ನಿರ್ದೇಶಕರೂ ನಕ್ಕರು. ನಿಂತಲ್ಲೇ ನಿಂತರು. ನಾಲ್ಕು ಹೆಜ್ಜೆ ಸುತ್ತಿ ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ದೊಡ್ಡವರ ಕಾಲು ಕಾರಿನಿಂದ ಕಾರ್ಪೆಟ್ಟಿಗೆ ಇಳಿದು ರೂಢಿ.

"ಇದಕ್ಕೆ ಹೆಸರೇನಿಟ್ಟಿದ್ದೀರಿ?"

"ಹೆಸರೇನು ಬಂತು ಸ್ವಾಮಿ. ಮರೆ."

ನಿರ್ದೇಶಕರು ಕಣ್ಣು ಮುಚ್ಚಿದರು. "ಮರೆ! ಆಹಾ. ಇದು ಆಜ್ಞೆಯೋ, ಬೇಡಿಕೆಯೋ?"

ಭಾವ ತಬ್ಬಿಬ್ಬಾದರು. "ತೇಗದ್ದು ಸ್ವಾಮಿ. ಗಟ್ಟಿ ತೇಗ."

"ಕೃತಿ ನಿಮ್ಮದೇನಾ?"

"ನಮ್ದೇ" ಎಂದರು ಭಾವ. ಅಕ್ಕನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಅಲ್ಲೇ ನಿಂತಿತು. ಬಟ್ಟೆ ಸೀದ ವಾಸನೆ ಬಂದಮೇಲೇ ಅವಳು ಅದನ್ನು ಎತ್ತಿದ್ದು.

ಆಮೇಲೆ ಸಮಿತಿ ಕೂತಿತು. ಹಣವುಳ್ಳವರು, ಹುದ್ದೆ ಬಿಟ್ಟವರು, ಅವರಲ್ಲಿ ಇಬ್ಬರು ಮೂವರ ಹೆಂಡತಿಯರು. ಯಾರೂ ಮರೆಯನ್ನು ಕಣ್ಣಾರೆ ಕಂಡವರಲ್ಲ. ಒಂದು ವಸ್ತುವಿಗೆ ಒಂದೇ ಫೋಟೋ, ಅದೂ ಮುಂಭಾಗದ್ದು ಎಂಬುದು ಅಲ್ಲಿಯ ಪದ್ಧತಿ. ಕೋಟಿನಮ್ಮ ಒಳಮೈಯ ಫೋಟೋ ಹಿಡಿದು ಹೋಗಿದ್ದಳಂತೆ, ಹೊತ್ತಾಯಿತು ಎಂದರಂತೆ. ಎತ್ತು ಈಯಿತು ಎಂದು ನಿರ್ದೇಶಕರು ಹೇಳಿದರು, ಕೊಟ್ಟಿಗೆಗೆ ಕಟ್ಟಿ ಎಂದು ಸಮಿತಿ ಕೈಯೆತ್ತಿತು. ಅಂಗಡಿ ಭಾವನ ಹೆಸರಿನಲ್ಲಿತ್ತು, ದಾನಪತ್ರಕ್ಕೆ ಸಹಿ ಹಾಕಿದವರೂ ಅವರೇ. ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ ಎಂದು ಓದಿ ಹೇಳಿದರು. ಅಕ್ಕ ತಲೆಯಾಡಿಸಿದಳು. ವಾಪಸು ಯಾಕೆ ಬೇಕಾದೀತು, ಅಲ್ಲಿ ನಾಲ್ಕು ಜನ ನೋಡುತ್ತಾರಲ್ಲ ಎಂಬ ಭ್ರಮೆ ಅವಳಿಗೆ.

ಮ್ಯೂಸಿಯಂನವರು ಹೊಸದಾಗಿ ಸೇರಿದ್ದನ್ನೆಲ್ಲ ತೋರಿಸುವ ದಿನ ನಮ್ಮನ್ನೂ ಕರೆದರು. ಭಾವ ತಾವೇ ಹೊಲಿದ ಕೋಟು ತೊಟ್ಟರು. ಅಕ್ಕ ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಳು. ಮದುವೆಯ ದಿನವೂ ಅವಳ ಕೈ ಅಷ್ಟು ಬೆವರಿರಲಿಲ್ಲ.

ದೊಡ್ಡ ಬಿಳಿ ಕೋಣೆ. ಮರೆ ನೆಲದ ಮೇಲಿರಲಿಲ್ಲ. ನಾಲ್ಕೂ ಹಲಗೆಯನ್ನು ಚಪ್ಪಟೆಯಾಗಿ ಬಿಡಿಸಿ, ಒಣಗಲು ಹಾಕಿದ ಹಾಸಿಗೆಯಂತೆ ಗೋಡೆಗೆ ಹೊಡೆದಿದ್ದರು. ಹೊರಗೆ ಹಂಸ, ಕೆಟಲ್, ಸಹಿ. ಅಕ್ಕನ ಹೆಂಗಸರೆಲ್ಲ ಗೋಡೆಗೆ ಮುಖ ಕೊಟ್ಟು ನಿಂತಿದ್ದರು, ತಪ್ಪು ಮಾಡಿದ ಮಕ್ಕಳ ಹಾಗೆ.

ಪಕ್ಕದಲ್ಲೊಂದು ಫಲಕ. ಅಕ್ಷರ ಕೂಡಿಸಿ ಓದುವವಳು ನಾನು, ನಿಧಾನಕ್ಕೆ ಓದಿದೆ. ಮೇಲೆ 'ಮರೆ' ಎಂದಿತ್ತು. ಅದರ ಕೆಳಗೆ ಭಾವನ ಹೆಸರು. ಆಮೇಲೆ: 'ತನ್ನ ಗತವನ್ನು ಮರೆಯಲು ಹೆಣಗುವ ದುಡಿಯುವ ಮನುಷ್ಯನ ಮೂಕ ಪ್ರಾರ್ಥನೆ. ಹಂಸದ ಬಾಗಿದ ಕತ್ತು ನೆನಪಿನ ಭಾರವನ್ನು ಹೊತ್ತಿದೆ.' ನಜ್ಜಾದ ಡಬ್ಬಿಗೆ ಇಷ್ಟು ಭಾಗ್ಯ ಬರುವುದಾದರೆ ನಮ್ಮ ಅಡುಗೆಮನೆಯಲ್ಲಿ ಇನ್ನೂ ನಾಲ್ಕಿದ್ದವು.

ಕೋಟಿನಮ್ಮ ತಲೆ ತಗ್ಗಿಸಿಕೊಂಡೇ ಬಂದಳು. "ನಿಲ್ಲಿಸೋಕೆ ಬಿಡ್ಲಿಲ್ಲ ಅಮ್ಮಾ. ಹಿಂದೆ ಹೋದೋರು ಕಾವಲಿನವರಿಗೆ ಕಾಣಲ್ಲ ಅಂತಾರೆ. ಇಲ್ಲಿ ಯಾರೂ ಕಾಣದ ಹಾಗೆ ಇರಬಾರದು, ಅದು ನಿಯಮ."

"ಮರೆ ಇರೋದೇ ಕಾಣದಿರೋಕೆ ಅಲ್ವೇನಮ್ಮಾ? ಕಾಣ್ಬೇಕು ಅನ್ನೋರು ಕಿಟಕಿ ಒಯ್ಯಬೇಕಿತ್ತು" ಎಂದಳು ಅಕ್ಕ. "ಹೋಗ್ಲಿ, ಇದನ್ನಾದ್ರೂ ತಿರುಗಿಸಿ ಹಾಕಿ."

"ಸಮಿತಿ ಒಪ್ಪಿದ್ದು ಈ ಕಡೆಯನ್ನ. ತಿರುಗಿಸ್ಬೇಕಂದ್ರೆ ಮತ್ತೆ ಸಮಿತಿ ಕೂರ್ಬೇಕು."

"ಯಾವಾಗ ಕೂರುತ್ತೆ?"

ಅಷ್ಟರಲ್ಲಿ ನಿರ್ದೇಶಕರು ಕಣ್ಣು ಮುಚ್ಚಿ ಭಾಷಣ ಶುರುಮಾಡಿದ್ದರು. ಮರೆವಿನ ಬಗ್ಗೆ ಎಷ್ಟು ಮಾತಾಡಿದರೆಂದರೆ ನಿಲ್ಲಿಸುವುದನ್ನೇ ಮರೆತರು. ಕೊನೆಗೆ ಭಾವನ ಕೈಗೆ ಹೂಗುಚ್ಛ ಕೊಟ್ಟು, "ಕಲಾವಿದರು ಒಂದು ಮಾತು ಹೇಳಲಿ" ಎಂದರು.

ಭಾವ ಅಕ್ಕನ ಕಡೆ ನೋಡಿದರು. ಅಕ್ಕ ಕತ್ತು ಚಾಚಿ ಕಾದಳು. ಅವಳ ಬಾಯಿಯೂ ಅಲ್ಲಾಡಿತು, ಮಗ್ಗಿ ಮರೆತ ಮಗುವಿಗೆ ತಾಯಿ ಹೇಳಿಕೊಡುವಂತೆ. ಎರಡೇ ಮಾತು ಸಾಕಿತ್ತು: ಹಿಂದಿನದು ಅವಳದು.

"ಎಲ್ಲಾ ನಿಮ್ಮ ಆಶೀರ್ವಾದ" ಎಂದರು ಭಾವ.

ಚಪ್ಪಾಳೆ ಬಿತ್ತು. ಅಕ್ಕ ನನ್ನ ಕೈ ಬಿಟ್ಟು ಗೋಡೆಯ ಹತ್ತಿರ ಹೋದಳು. ದಿನ ಬೆಳಗಾದರೆ ಅಂಗಡಿಯಲ್ಲಿ ಮಾಡುತ್ತಿದ್ದ ಹಾಗೆ ಕೊನೆಯ ಹಲಗೆಯ ಅಂಚಿಗೆ ಬೆರಳು ಹಾಕಿ ಎಳೆದಳು. ಅದೊಂದಕ್ಕೆ ಮಾತ್ರ ಮೊಳೆ ಹೊಡೆದಿರಲಿಲ್ಲ. ಕೀಲು ಕಿರ್ ಎಂದಿತು, ಹಲಗೆ ಬಾಗಿಲಿನಂತೆ ತೆರೆಯಿತು. ಬೆಳಕಿಗೆ ಬಂದವಳು ಕಂಕುಳು ಮೂಸುವವಳು.

"ಅಮ್ಮಾ, ಮುಟ್ಟಬಾರದು! ಅಮ್ಮಾ!" ಎಂದು ಕಾವಲಿನವನು ಓಡಿಬಂದ.

ಜನ ಬೆಪ್ಪಾಗಿ ನೋಡಿದರು. ಲೋಟ ಹಂಚುತ್ತಿದ್ದ ಹೆಂಗಸೊಬ್ಬಳು ಮಾತ್ರ ಕಿಸಕ್ಕೆಂದು ನಕ್ಕು, ತಟ್ಟೆ ಅಲುಗಿ, ಬಾಯಿ ಮುಚ್ಚಿಕೊಂಡಳು. ಅಂಗಡಿಯಲ್ಲಿ ಕೇಳುತ್ತಿದ್ದ ಅದೇ ನಗು. ಅಕ್ಕ ಅವಳತ್ತ ತಿರುಗಿ ನೋಡಿದಳು.

ನಿರ್ದೇಶಕರು ಕಣ್ಣು ಕಿರಿದು ಮಾಡಿದರು. "ಹಿಂದೆ ಯಾರೋ ಕುಂಚ ಒರೆಸಿದ ಹಾಗಿದೆ. ಮುಚ್ಚಿ, ಮುಚ್ಚಿ."

ಕಾವಲಿನವನು ಮುಚ್ಚಿದ. ಮರುದಿನ ಆ ಹಲಗೆಗೂ ಮೊಳೆ ಬಿತ್ತು ಎಂದು ಕೋಟಿನಮ್ಮ ಬಂದು ಹೇಳಿದಳು. ಅಕ್ಕ ಅವಳಿಗೆ ಬಿಗಿ ಮಾಡಿದ ಲಂಗ ಕೊಟ್ಟು ಕಳಿಸಿದಳು, ಕುಡಿಯಲು ನೀರು ಬೇಕಾ ಎಂದೂ ಕೇಳಲಿಲ್ಲ.

ಮನೆಯಲ್ಲಿ ಭಾವ ಹೂಗುಚ್ಛವನ್ನು ಚೊಂಬಿನ ನೀರಿಗಿಟ್ಟು ಅದರ ಸುತ್ತ ತಿರುಗುತ್ತಿದ್ದರು. "ನಮ್ದೇ ಅಂದೆ ಕಣೇ. ನಂದು ಅಂದ್ನಾ? ಅವರು ಹಂಗೆ ಬರ್ಕೊಂಡ್ರೆ ನಾನೇನು ಮಾಡ್ಲಿ?" ಎಂದು ದಿನವೂ ಅದೇ ರಾಗ. ಅಕ್ಕ ಬೇಯಿಸಿ ಹಾಕಿದಳು. ಹೂ ಬಾಡಿ ನೀರು ನಾರುವ ಹೊತ್ತಿಗೆ ತನ್ನ ಬಟ್ಟೆ ಗಂಟು ಕಟ್ಟಿದಳು. ಅವಳನ್ನು ನನ್ನ ಮನೆಗೆ ಕರೆದೊಯ್ಯಲು ನಾನೇ ಹೋಗಿದ್ದೆ.

ಭಾವ ಬಾಗಿಲಿಗೆ ಅಡ್ಡ ನಿಂತರು. "ಈ ವಯಸ್ಸಲ್ಲಿ ಜನ ಏನಂತಾರೆ? ಆಗಿದ್ದು ಆಯ್ತು, ಮರೆ."

"ಮರೆ ಈಗ ನನ್ನ ಹತ್ರ ಎಲ್ಲಿದೆ?" ಎಂದಳು ಅಕ್ಕ. "ಅದನ್ನ ದಾನ ಕೊಟ್ಟಾಯ್ತಲ್ಲ. ನೀವೇ ಸಹಿ ಹಾಕಿದ್ದು."

ಭಾವ ಪಕ್ಕಕ್ಕೆ ಸರಿದರು. ಅಕ್ಕ ಆ ಮನೆ ಬಿಟ್ಟು ನನ್ನ ಜೊತೆ ಹೊರಟದ್ದು ಗುರುವಾರ.