ಬಾಯಿ ತುಂಬ ಮೊಳೆ

ಮೊಳೆಮಾವನ ಬಾಯಿ ಮುಚ್ಚಿಸುವುದು ದೇವರಿಂದಲೂ ಆಗದ ಕೆಲಸ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಆ ಕೆಲಸವನ್ನು ತುರ್ತಾಗಿ ಮಾಡಿ ಮುಗಿಸಬೇಕಾಗಿ ಬಂದದ್ದು ಸೋಫಾ ಅಕ್ಕನಿಗೆ.

ಹಳೆಯ ಕುರ್ಚಿ, ಸೋಫಾಗಳ ಬಟ್ಟೆ ಬಿಚ್ಚಿ, ಸ್ಪ್ರಿಂಗು ಬಿಗಿದು, ಹೊಸ ಹೊದಿಕೆ ಹಾಕಿಕೊಡುವ ಅಂಗಡಿ ಅವಳದು. ಮುಂದೆ ಗಿರಾಕಿಗಳ ಕೋಣೆ, ಹಿಂದೆ ಕೆಲಸದ ಕೋಣೆ, ನಡುವೆ ಒಂದು ಬಾಗಿಲು. ಗಂಡ ತೀರಿಕೊಂಡ ಮೇಲೆ ಅವಳಿಗೆ ಕಸುಬು ಕಲಿಸಿದವನು ಮೊಳೆಮಾವ. ರಕ್ತಸಂಬಂಧಿಯೇನಲ್ಲ. ಹದಿನಾಲ್ಕು ವರ್ಷದ ಹಿಂದೆ ಬೇರೆ ದೇಶದಿಂದ ಕೆಲಸ ಹುಡುಕಿಕೊಂಡು ಬಂದವನು, ಇದ್ದು ಇದ್ದು ಮಾವನಾದ. ಇಲ್ಲಿರಲು ಅವನಿಗೆ ಕೊಟ್ಟ ಪರವಾನಗಿ ಕಾಗದದ ಗಡುವು ಮುಗಿದು ಏಳು ತಿಂಗಳಾಗಿತ್ತು. ಹೊಸ ಅರ್ಜಿ ಯಾವುದೋ ಕಚೇರಿಯ ಕಪಾಟಿನಲ್ಲಿ ಗೊರಕೆ ಹೊಡೆಯುತ್ತಿತ್ತು. ವಲಸೆ ಇಲಾಖೆಯವರು ಈಚೆಗೆ ಅಂಗಡಿ ಅಂಗಡಿ ಹೊಕ್ಕು ನೋಡುತ್ತಿದ್ದರು. ಹಿಂದಿನ ಬೀದಿಯ ಲಾಂಡ್ರಿಯವನನ್ನು ಕರೆದೊಯ್ದ ಮೇಲೂ ಅವನ ಇಸ್ತ್ರಿಪೆಟ್ಟಿಗೆ ಬಿಸಿಯಾಗೇ ಇತ್ತಂತೆ.

ಆರು ಕುರ್ಚಿಗಳಿಗೆ ಹೊದಿಕೆ ಹಾಕಿಸಲು ಬಂದ ಲಾಯರಮ್ಮ ಅಕ್ಕನನ್ನು ಕೂರಿಸಿಕೊಂಡು ಪಾಠ ಹೇಳಿದಳು.

"ಮುಂದಿನ ಕೋಣೆಗೆ ಯಾರು ಬೇಕಾದ್ರೂ ಬರಬಹುದು. ಹಿಂದಿನ ಕೋಣೆಗೆ ಬರೋಕೆ ಜಡ್ಜ್ ಸಹಿ ಹಾಕಿದ ಕಾಗದ ಬೇಕು, ಇಲ್ಲಾ ನಿಮ್ಮ ಒಪ್ಪಿಗೆ ಬೇಕು. ಬಾಯಿತಪ್ಪಿ 'ಬನ್ನಿ' ಅಂದ್ರೂ ಅದನ್ನೇ ಒಪ್ಪಿಗೆ ಅಂದ್ಕೋತಾರೆ. ಯಾರೂ ಓಡಬೇಡಿ, ಸುಳ್ಳು ಹೇಳಬೇಡಿ. ಕೇಳಿದ್ದಕ್ಕೆ ಸುಮ್ಮನಿರಬಹುದು. ಅದು ತಪ್ಪಲ್ಲ."

ಅಕ್ಕ ನಡುಬಾಗಿಲಿಗೆ 'ಕೆಲಸದವರಿಗೆ ಮಾತ್ರ' ಎಂದು ಬೋರ್ಡು ಹೊಡೆದಳು. ಸಂಜೆ ಗಂಡನ ಹಳೇ ಟೋಪಿ ಹಾಕಿಕೊಂಡು ಆಫೀಸರಾದಳು.

"ಯಾವೂರು ನಿಂದು?"

ಮೊಳೆಮಾವನ ಮುಖ ಅರಳಿತು. "ಅಯ್ಯೋ, ನಮ್ಮೂರು ಅಂದ್ರೆ ಊರು ತಾಯಿ! ಹೊಳೆ ಹೀಗೆ ಬಳಸ್ಕೊಂಡು ಹೋಗುತ್ತೆ. ಆ ದಡದಲ್ಲಿ ನಮ್ಮಪ್ಪನ ಬಡಗಿ ಶೆಡ್ಡು, ಹಸಿರು ಬಾಗಿಲು..."

"ಮಾವಾ! ನಾನು ಆಫೀಸರು!"

"ಆಫೀಸರಿಗೆ ಊರಿರಲ್ವಾ? ಪಾಪ, ಕೇಳಿದಾಗ ಹೇಳಬೇಕಪ್ಪ."

ಎಂಟು ಸಲ ಕೇಳಿದಳು. ಎಂಟು ಸಲವೂ ಹೊಳೆ ಹರಿಯಿತು, ಹಸಿರು ಬಾಗಿಲು ತೆರೆಯಿತು. ಅಕ್ಕನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಕೊನೆಗೆ ಬಚ್ಚಲಿಗೆ ಹೋಗಿ ಅತ್ತಳು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಇಲ್ಲಿ ಬಾಯಿ ಬಿಟ್ಟರೆ ಮನುಷ್ಯನೇ ಹೋಗುತ್ತಾನೆ.

ಉಪಾಯ ಹೊಳೆದದ್ದು ಮರುದಿನ, ಅವನು ಕೆಲಸ ಮಾಡುವುದನ್ನು ನೋಡುವಾಗ. ಹಳೆಯ ಕಸುಬುದಾರರಂತೆ ಅವನು ಮೂವತ್ತು ಸಣ್ಣ ಕರಿಮೊಳೆಗಳನ್ನು ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಾಲಿಗೆಯಿಂದ ಒಂದೊಂದನ್ನೇ ತಿರುಗಿಸಿ ತಲೆ ಮುಂದೆ ಮಾಡಿ ತುಟಿಗೆ ತರುವನು. ಆಯಸ್ಕಾಂತದ ಸುತ್ತಿಗೆ ಅದನ್ನು ಕಚ್ಚಿಕೊಳ್ಳುವುದು. ಟಕ್ಕೆಂದು ಒಂದೇ ಏಟು. ಮೊಳೆ ಬಾಯಲ್ಲಿರುವಷ್ಟು ಹೊತ್ತು ಮಾತ್ರ ಆ ಬಾಯಿಗೆ ಬಿಡುವು.

"ಗೋಡೆಗೆ ಎರಡು ಸಲ ಬಡಿತೀನಿ," ಎಂದಳು ಅಕ್ಕ. "ಕೇಳಿದ ತಕ್ಷಣ ಬಾಯಿ ತುಂಬ ಮೊಳೆ ಹಾಕ್ಕೊ. ಅವರು ಹೋಗೋವರೆಗೂ ಹೊಡೀತಾ ಇರು."

ಎಲ್ಲ ಸಿದ್ಧವಾಯಿತು. ಆದರೆ ಅಕ್ಕನ ಅತ್ತೆಗೆ, ತೀರಿಹೋದ ಗಂಡನ ತಾಯಿಗೆ, ಯಾರೂ ಏನೂ ಹೇಳಲಿಲ್ಲ. ಅತ್ತೆಗೆ ಎಪ್ಪತ್ತೆಂಟು. ಮುಂದಿನ ಕೋಣೆಯ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು ಗುಂಡಿಗಳಿಗೆ ಬಟ್ಟೆ ಸುತ್ತುತ್ತಿದ್ದವಳು. ವಯಸ್ಸಾದವಳನ್ನು ಸುಮ್ಮನೆ ಯಾಕೆ ಗಾಬರಿಪಡಿಸುವುದು ಎಂದುಕೊಂಡಳು ಅಕ್ಕ. ಬುದ್ಧಿವಂತರು ಎಡವುವುದು ಇಂಥ ಕಡೆಯೇ.

ಮಂಗಳವಾರ ಹನ್ನೊಂದು ಗಂಟೆಗೆ ಬಂದರು. ಇಬ್ಬರು, ಒಬ್ಬ ಎತ್ತರದವನು, ಇನ್ನೊಬ್ಬನ ಕೈಯಲ್ಲಿ ಫೈಲು. ಅಕ್ಕ ಏನೋ ಎತ್ತಿಡುವವಳಂತೆ ಹಿಂದಕ್ಕೆ ಸರಿದು ಗೋಡೆಗೆ ಎರಡು ಸಲ ಬಡಿದಳು. ಆಚೆಯಿಂದ ಟಕ್, ಟಕ್ ಎಂದು ಶುರುವಾಯಿತು.

"ಹಿಂದೆ ಎಷ್ಟು ಜನ ಕೆಲಸ ಮಾಡ್ತಾರೆ?" ಎಂದ ಎತ್ತರದವನು.

"ಕಾಗದ ತೋರಿಸ್ತೀರಾ?" ಎಂದು ಅಕ್ಕ ಕೈ ಚಾಚಿದಳು. ಕಾಗದದ ಮೇಲಿಂದ ಕೆಳಗೆ ಬೆರಳಿಟ್ಟು ಓದಿದಳು. ಇಲಾಖೆಯ ಸೀಲು ಇತ್ತು, ಜಡ್ಜ್ ಸಹಿ ಇರಲಿಲ್ಲ. "ಇದಕ್ಕೆ ನಾನು ಹಿಂದಿನ ಬಾಗಿಲು ತೆಗೆಯಲ್ಲ ಸಾರ್. ಇಲ್ಲೇ ಮಾತಾಡಿ."

ಇಬ್ಬರೂ ಮುಖಮುಖ ನೋಡಿಕೊಂಡರು. ಕೂರೋಣವೆಂದರೆ ಕುರ್ಚಿಯಿಲ್ಲ. ಇದ್ದವೆಲ್ಲ ಗಿರಾಕಿಗಳವು, ಒಂದರ ಕರುಳು ಹೊರಗೆ, ಇನ್ನೊಂದಕ್ಕೆ ಕಾಲೇ ಇಲ್ಲ. ಅತ್ತೆಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಎಷ್ಟು ಹೊತ್ತು ನಿಂತ್ಕೋತೀರಪ್ಪ? ಒಳಗೆ ಒಳ್ಳೇ ಸೋಫಾ ಇದೆ. ಬನ್ನಿ, ಬನ್ನಿ, ಒಳಗೆ ಬನ್ನಿ," ಎನ್ನುತ್ತ ಎದ್ದವಳೇ ನಡುಬಾಗಿಲು ತೆಗೆದುಬಿಟ್ಟಳು.

ಬೇಲಿಯೇ ಎದ್ದು ಹೊಲ ಮೇದಂತಾಯಿತು. "ಥ್ಯಾಂಕ್ಸ್ ಅಜ್ಜಿ," ಎಂದು ಎತ್ತರದವನು ಕಾಲೆತ್ತಿದ. ಅಕ್ಕ ಓಡಿ ಹೊಸ್ತಿಲಿಗೆ ಅಡ್ಡ ನಿಂತಳು.

"ಇವರು ಯಜಮಾನಿ ಅಲ್ಲ. ಈ ಅಂಗಡಿಗೂ ಇವರಿಗೂ ಸಂಬಂಧ ಇಲ್ಲ. ಒಪ್ಪಿಗೆ ಕೊಡೋಳು ನಾನು. ಕೊಟ್ಟಿಲ್ಲ."

ಈ ಅಂಗಡಿಯನ್ನು ತನ್ನ ಗಂಡನ ಜೊತೆ ಕಟ್ಟಿದವಳೇ ಅತ್ತೆ. ಅವಳ ಮುಖ ಸಣ್ಣದಾದದ್ದನ್ನು ಅಕ್ಕ ಕಂಡಳು. ಆದರೆ ಸಮಾಧಾನ ಹೇಳುವ ಹೊತ್ತಾಗಿರಲಿಲ್ಲ.

ಎತ್ತರದವನು ಹೊಸ್ತಿಲ ಈಚೆಯೇ ನಿಂತ. ಅಕ್ಕನ ಭುಜದ ಮೇಲಿಂದ ಕತ್ತು ಚಾಚಿದರೆ ಎಲ್ಲ ಕಾಣುತ್ತಿತ್ತು. ನೆಲದಲ್ಲಿ ಮಂಡಿಯೂರಿ ಮೊಳೆಮಾವ ಒಂದು ಕುರ್ಚಿಯ ಅಂಚಿಗೆ ಮೊಳೆ ಹೊಡೆಯುತ್ತಿದ್ದ.

"ಯಾವೂರು ನಿಂದು?"

ಟಕ್.

"ನಿನ್ನೇ ಕೇಳಿದ್ದು ಯಜಮಾನ. ಯಾವ ದೇಶ?"

ಟಕ್. ಟಕ್.

ಅಕ್ಕ ಏಟು ಎಣಿಸುತ್ತಿದ್ದಳು. ಮೂವತ್ತು ಮೊಳೆ, ಹತ್ತೊಂಬತ್ತು ಆಗಿತ್ತು. ಫೈಲಿನವನು ಪೆನ್ನಿನ ಮುಚ್ಚಳ ತೆಗೆದ. ಇಪ್ಪತ್ತನಾಲ್ಕು. "ಹೆದರಬೇಡ, ಸುಮ್ಮನೆ ಊರು ಕೇಳ್ತಿದ್ದೀನಿ," ಎಂದ ಎತ್ತರದವನು, ಬಹಳ ಮೆತ್ತಗೆ. ಮಾವನನ್ನು ಮೆತ್ತಗೆ ಕೇಳಿದರೆ ಸಾಕು, ಬಾಯಿ ಬಿಟ್ಟುಬಿಡುತ್ತಿದ್ದ. ಇಪ್ಪತ್ತೊಂಬತ್ತು. ಮೂವತ್ತು.

ಸುತ್ತಿಗೆ ತುಟಿಗೆ ಹೋಗಿ ಬರಿದಾಗಿ ಬಂತು. ಮೊಳೆಮಾವ ತಲೆಯೆತ್ತಿ ಆಫೀಸರನ್ನು ನೋಡಿದ. ತುಟಿ ಬಿರಿಯಿತು. ಹೊಳೆ ಇನ್ನೇನು ಹರಿಯಬೇಕು.

"ತೆಗಿ ಬಾಯಿ."

ಹೇಳಿದ್ದು ಅತ್ತೆ. ಅಕ್ಕನ ಪಕ್ಕದಿಂದ ನುಸುಳಿ ಯಾವಾಗ ಒಳಗೆ ಹೋಗಿದ್ದಳೋ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಚಿಟಿಕೆ ಮೊಳೆ. ಹಟ ಮಾಡುವ ಮಗುವಿಗೆ ಉಣ್ಣಿಸುವ ಹಾಗೆ ಗಲ್ಲ ಹಿಡಿದು, "ಆ... ಇನ್ನೊಂದು ಚೂರು," ಎನ್ನುತ್ತ ಅವನ ಬಾಯಿಗೆ ಮೊಳೆ ತುಂಬಿದಳು. ಒಂದನ್ನೂ ಕೆಳಗೆ ಚೆಲ್ಲಲಿಲ್ಲ.

ಆಮೇಲೆ ಹೊಸ್ತಿಲ ಕಡೆ ತಿರುಗಿದಳು. "ಕೆಲಸದಲ್ಲಿದ್ದಾನೆ. ನನ್ನ ಸೊಸೆ ಬೇಡ ಅಂದ್ಲಲ್ಲ. ನೀವು ಹೋಗಿ."

'ಹೋಗಿ ಬನ್ನಿ' ಅನ್ನದೆ ಅತ್ತೆ ಯಾರನ್ನೂ ಕಳಿಸಿದ್ದನ್ನು ಅಕ್ಕ ಕೇಳಿರಲಿಲ್ಲ. ಟಕ್ ಎಂದಿತು ಸುತ್ತಿಗೆ. ಫೈಲಿನವನು ಪೆನ್ನು ಮುಚ್ಚಿದ. ಸರಿಯಾದ ಕಾಗದ ತಂದು ಮತ್ತೆ ಬರುತ್ತೇವೆ ಎಂದು ಹೇಳಿ ಇಬ್ಬರೂ ಹೊರಟರು.

ಅಕ್ಕ ಅತ್ತೆಯ ಮುಂದೆ ಕುಸಿದು ಕೂತಳು. "ಸಂಬಂಧ ಇಲ್ಲ ಅಂದ್ಬಿಟ್ಟೆ ಅತ್ತೆ..."

"ಅಂದೆ. ಮೊದಲೇ ನಂಗೂ ಹೇಳಿದ್ರೆ ಅನ್ನೋ ಹಾಗೇ ಇರ್ಲಿಲ್ಲ," ಎಂದಳು ಅತ್ತೆ, ಸೊಸೆಯ ತಲೆ ಸವರುತ್ತ.

ಕುರ್ಚಿಯ ಗೇಣುದ್ದದ ಅಂಚಿಗೆ ನಲವತ್ತೆಂಟು ಮೊಳೆ ಬಿದ್ದಿತ್ತು. ಆರು ಸಾಕಾಗುವ ಜಾಗ. ಮಧ್ಯಾಹ್ನ ಅಕ್ಕ ಮತ್ತು ಮೊಳೆಮಾವ ಎದುರುಬದುರು ಕೂತು ಒಂದೊಂದನ್ನೇ ಕೀಳತೊಡಗಿದರು. ಲಾಯರಮ್ಮನಿಗೆ ಫೋನಾಗಿತ್ತು, ನಾಳೆಯೇ ಅರ್ಜಿಯ ಬೆನ್ನು ಹತ್ತುವುದಾಗಿ ಮಾತು ಕೊಟ್ಟಿದ್ದಳು. ಮೊಳೆಮಾವ ಮಾತ್ರ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಆ ಮೌನ ಅಕ್ಕನಿಗೆ ತಡೆಯದಾಯಿತು.

"ಮಾವ," ಎಂದಳು, "ಆ ಹಸಿರು ಬಾಗಿಲು ಇತ್ತಲ್ಲ, ಹೊಳೆ ಯಾವ ಕಡೆಗೆ ಹರೀತಿತ್ತು?"

ಅವನು ತಲೆಯೆತ್ತಿದ. ಅವಳನ್ನು ನೋಡಿದ, ಹಿಂದೆ ಮುಚ್ಚಿದ್ದ ಬಾಗಿಲನ್ನು ನೋಡಿದ. ಆಮೇಲೆ ಡಬ್ಬಿಗೆ ಕೈಹಾಕಿ ಒಂದು ಚಿಟಿಕೆ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡ.