ಹೊರಗೆ ಹೋದ ಚುಕ್ಕಿ

ಪರದೆಯ ಮೇಲೆ ಬೆಳಗಾಗುತ್ತಿತ್ತು. ನಿದ್ದೆ ಎಂದು ಬರೆದ ನೀಲಿ ವೃತ್ತದಿಂದ ಚುಕ್ಕಿಗಳು ಒಂದೊಂದಾಗಿ ಕಳಚಿಕೊಂಡು ಅಡುಗೆ, ಪ್ರಯಾಣ, ಕೆಲಸ ಎಂಬ ವೃತ್ತಗಳ ಕಡೆಗೆ ಹರಿಯತೊಡಗಿದವು. ಒಂದು ಚುಕ್ಕಿ ಎಂದರೆ ಒಬ್ಬ ಮನುಷ್ಯ. ಪತ್ರಿಕೆಯ ಓದುಗರು ಒಂದು ವಾರ ಕಾಲ, ಮಾಡುವ ಕೆಲಸ ಬದಲಾದಾಗಲೆಲ್ಲ ಫೋನಿನಲ್ಲಿ ಒಂದೊಂದು ಗುಂಡಿ ಒತ್ತಿ ಕಳಿಸಿದ ದಿನಚರಿ ಅದು. ಅದನ್ನು ಹೀಗೆ ಹರಿಯುವ ಚಿತ್ರವಾಗಿ ಕಟ್ಟಿದವಳು ಪುಟ್ಟಿ. ತಲೆಯಲ್ಲಿ ಬಿಳಿಕೂದಲು ಇಣುಕಿದ್ದರೂ ಮನೆಯವರ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಪತ್ರಿಕೆಯ ಅಂಕಿಅಂಶ ವಿಭಾಗದಲ್ಲಿ ಅವಳ ಹೆಸರಿನಲ್ಲಿ ಬರಬೇಕಾಗಿದ್ದ ಮೊದಲ ಪೂರ್ಣ ಪುಟ ಇದು. ಭಾನುವಾರ ಪ್ರಕಟವಾಗಬೇಕಿತ್ತು.

ವಿಭಾಗದ ಮುಖ್ಯಸ್ಥರು ಅವಳ ಕುರ್ಚಿಯ ಹಿಂದೆ ನಿಂತು, ಚಹಾದ ಲೋಟ ಹಿಡಿದ ಕೈಯಿಂದಲೇ ಬಲಗಡೆಯ ವೃತ್ತವನ್ನು ತೋರಿಸಿದರು. ಅದು ಆರೈಕೆಯ ವೃತ್ತ. ಹಾಸಿಗೆ ಹಿಡಿದವರನ್ನು, ಮರೆವು ಕವಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರ ಜಾಗ. ಬೆಳಿಗ್ಗೆ ಅದರೊಳಗೆ ಬಿದ್ದ ಚುಕ್ಕಿಗಳು ಅಂಟಿಗೆ ಸಿಕ್ಕಿದ ನೊಣಗಳಂತೆ, ಸಂಜೆಯಾದರೂ ಮಿಸುಕುತ್ತಿರಲಿಲ್ಲ. ಒಂದು ಚುಕ್ಕಿ ಮಾತ್ರ ಪ್ರತಿದಿನ ಐದು ಗಂಟೆಗೆ ಹಸಿರು ಬಣ್ಣದ ನಡಿಗೆಯ ವೃತ್ತಕ್ಕೆ ಹಾರಿ, ಆರಕ್ಕೆ ತಿರುಗಿ ಬಂದು ಬೀಳುತ್ತಿತ್ತು.

"ಇಡೀ ಪುಟ ನಿಂತಿರೋದೇ ಈ ಚುಕ್ಕಿ ಮೇಲೆ ನೋಡಮ್ಮಾ," ಎಂದರು ಮುಖ್ಯಸ್ಥರು. "ಮಿಕ್ಕವರೆಲ್ಲ ಸಿಕ್ಕಿಹಾಕ್ಕೊಂಡಿದಾರೆ. ಇವರೊಬ್ಬರು ಹೊರಗೆ ಹೋಗೋ ದಾರಿ ಹುಡುಕ್ಕೊಂಡಿದಾರೆ. ಓದೋರಿಗೂ ಸ್ವಲ್ಪ ಗಾಳಿ ಬೇಕಲ್ಲ."

ಆ ಚುಕ್ಕಿಯ ಹಿಂದಿರುವ ವ್ಯಕ್ತಿಗೆ ಒಂದು ಸಂದೇಶ ಕಳಿಸಬೇಕು, ಒಪ್ಪಿದರೆ ಸಂಜೆ ನಡೆಯುತ್ತಿರುವಾಗ ಹಿಂದಿನಿಂದ ಒಂದು ಫೋಟೊ ತೆಗೆಸಬೇಕು, ಮುಖ ಬೇಡ, ಬೆನ್ನು ಸಾಕು ಎಂದು ಹೇಳಿ ಅವರು ಹೊರಟುಹೋದರು.

ಪುಟ್ಟಿ ಆ ಒಂದು ಚುಕ್ಕಿಯ ವಾರವನ್ನಷ್ಟೇ ಬೇರೆಯಾಗಿ ಓಡಿಸಿ ನೋಡಿದಳು. ಮಂಗಳವಾರದ ನಡುರಾತ್ರಿ ಅದು ನಿದ್ದೆಯಿಂದ ಎದ್ದು ಆರೈಕೆಗೆ ಹೋಗಿ, ಬೆಳಕು ಹರಿಯುವವರೆಗೂ ಅಲ್ಲೇ ಇತ್ತು. ಅವಳ ಕೈ ಮೌಸಿನ ಮೇಲೆಯೇ ನಿಂತಿತು. ಆ ರಾತ್ರಿ ಅವಳೂ ಎದ್ದಿದ್ದಳು. ಅಪ್ಪನಿಗೆ ಜ್ವರ ಏರಿತ್ತು. ಅತ್ತಿಗೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ನಾನೇನಾದರೂ ಮಾಡಲಾ ಎಂದು ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ, ನಿನಗೆ ಬೆಳಿಗ್ಗೆ ಆಫೀಸಿದೆ, ಮಲಗು ಎಂದಿದ್ದಳು. ಇವಳೂ ಹೋಗಿ ಮಲಗಿದ್ದಳು.

ದೂರದಲ್ಲಿ ಬರುವವರನ್ನು ನಡೆಯುವ ರೀತಿ ನೋಡಿಯೇ ಮನೆಯವರೆಂದು ಗುರುತು ಹಿಡಿಯುತ್ತೇವಲ್ಲ, ಹಾಗಾಯಿತು. ಅತ್ತಿಗೆಯ ಫೋನಿಗೆ ಆ ಆ್ಯಪ್ ಹಾಕಿಕೊಟ್ಟವಳು ಇವಳೇ. ಆರೈಕೆ ಮಾಡುವವರು ಸಮೀಕ್ಷೆಗೆ ಸಿಗುವುದೇ ಕಷ್ಟ, ಅವರಿಗೆ ಪುರುಸೊತ್ತು ಎಲ್ಲಿರುತ್ತದೆ? ಹೆಸರಿರುವುದಿಲ್ಲ, ಯಾರೂ ನೋಡುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಈಗ ಅವಳನ್ನು ಕಾಡಿದ್ದು ಆ ಮಾತಲ್ಲ. ಐದರಿಂದ ಆರರವರೆಗೆ ಅತ್ತಿಗೆ ಎಲ್ಲಿಗೂ ಹೋಗುವುದಿಲ್ಲ. ಹೋಗಲು ಸಾಧ್ಯವೇ ಇಲ್ಲ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತರಾಗಿ ವರ್ಷಗಳು ಕಳೆದ ಮೇಲೆ, ಮರೆವು ಮಿಕ್ಕಿದ್ದನ್ನೆಲ್ಲ ಒರೆಸಿ, ಬಸ್ಸನ್ನು ಮಾತ್ರ ಉಳಿಸಿತ್ತು. ಮನೆಯೇ ಬಸ್ಸು. ಬಾಗಿಲು ತೆರೆದಿದ್ದರೆ ಸ್ಟಾಪ್ ಬಂತೆಂದು ಇಳಿದು ಹೊರಟುಬಿಡುತ್ತಾರೆ. ಹಾಗಾಗಿ ಬಾಗಿಲಿಗೆ ಸದಾ ಬೀಗ. ಅಣ್ಣ ದೂರದ ಊರುಗಳಿಗೆ ಲಾರಿ ಓಡಿಸುವವನು, ತಿಂಗಳಲ್ಲಿ ಅರ್ಧದಷ್ಟು ದಿನ ರಸ್ತೆಯ ಮೇಲೆ. ಪುಟ್ಟಿಗೆ ಆಫೀಸು, ಅದಕ್ಕೂ ಮುಂಚೆ ಈ ವಿದ್ಯೆ ಕಲಿಯಲು ಸಂಜೆ ಕಾಲೇಜು. ಆ ಸಂಜೆಗಳಲ್ಲೆಲ್ಲ ಅಪ್ಪನ ಪಕ್ಕ ಕೂತಿದ್ದವಳು ಅತ್ತಿಗೆ. ಅವಳಿಗೇನು ಅವರು ಹೆತ್ತ ಅಪ್ಪನೇ?

ದಿನಚರಿ ಸುಳ್ಳು ಎಂದು ಮುಖ್ಯಸ್ಥರಿಗೆ ಹೇಳಿದರೆ ಅತ್ತಿಗೆ ಸುಳ್ಳುಗಾರ್ತಿಯಾಗುತ್ತಾಳೆ, ತನ್ನ ಮನೆಯವರನ್ನೇ ಸಮೀಕ್ಷೆಗೆ ಸೇರಿಸಿದ್ದೂ ಬಯಲಾಗುತ್ತದೆ. ಹೇಳದಿದ್ದರೆ ಸುಳ್ಳೇ ಅಚ್ಚಾಗುತ್ತದೆ. ಅತ್ತ ದರಿ, ಇತ್ತ ಪುಲಿ. ತಪ್ಪು ತನ್ನದೇ ಇರಬಹುದೇ, ಎರಡು ಸಾಲು ಎಲ್ಲಾದರೂ ಅದಲುಬದಲಾಗಿವೆಯೇ ಎಂದು ಮತ್ತೆ ಮತ್ತೆ ತಾಳೆ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು.

ಮನೆಗೆ ಬಂದಾಗ ಅತ್ತಿಗೆ ಅಪ್ಪನಿಗೆ ಊಟ ಮಾಡಿಸಿ ಬಾಯಿ ಒರೆಸುತ್ತಿದ್ದಳು. ಪುಟ್ಟಿ ಸುತ್ತಿ ಬಳಸಿ ಕೇಳಿದಳು. ಅತ್ತಿಗೆಗೆ ಅರ್ಥವಾಗಲು ತಡವಾಗಲಿಲ್ಲ.

"ಯಾರೂ ನೋಡಲ್ಲ ಅಂದಿದ್ದೆ ನೀನು," ಎಂದಳು.

"ನೋಡಿದ್ದು ನಾನು, ಅತ್ತಿಗೆ. ನೀವು ದಿನಾ ನಡಿಗೆ ಅಂತ ಒತ್ತಿದೀರಿ."

ಅತ್ತಿಗೆ ತಟ್ಟೆಯನ್ನು ಕೆಳಗಿಟ್ಟಳು. "ಆ ಹೊತ್ತಿಗೆ ಮಾವ ನನ್ನ ಕೈ ಹಿಡ್ಕೊಂಡು ನಿದ್ದೆ ಮಾಡ್ತಾರೆ. ಬಿಡಿಸ್ಕೊಂಡ್ರೆ ಎದ್ದುಬಿಡ್ತಾರೆ. ಕೂತಿರ್ತೀನಿ. ಕೂತಲ್ಲೇ ಹೋಗಿಬರ್ತೀನಿ. ಮೆಟ್ಟಿಲಿಳಿದು, ಟೈಲರ್ ಅಂಗಡಿ ದಾಟಿ, ಅಲ್ಲಿಂದ ಎಡಕ್ಕೆ, ಆ ದೊಡ್ಡ ಮರದ ತನಕ. ಅದಕ್ಕೆ ನಿಮ್ಮ ಫೋನಲ್ಲಿ ಯಾವ ಗುಂಡಿ ಇತ್ತು, ಹೇಳು? ವಿಶ್ರಾಂತಿ ಅಂತ ಒತ್ಲಾ?"

ಟೈಲರ್ ಅಂಗಡಿಯನ್ನು ಕೆಡವಿ ಯಾವ ಕಾಲವಾಯಿತೋ. ಅಲ್ಲೀಗ ತಗಡಿನ ಬೇಲಿಯಿದೆ. ಅತ್ತಿಗೆಗೆ ಅದು ಗೊತ್ತಿಲ್ಲ.

"ತಪ್ಪಾಗಿದ್ರೆ ತೆಗೆದುಹಾಕು," ಎಂದಳು ಅತ್ತಿಗೆ. "ಒಂದು ಚುಕ್ಕಿ ತಾನೆ. ಅದೇನು ಊಟ ಕೇಳುತ್ತಾ, ಬಟ್ಟೆ ಕೇಳುತ್ತಾ?"

ಹಾಸಿಗೆಯಲ್ಲಿ ಹೊರಳಾಡುತ್ತಿದ್ದ ಪುಟ್ಟಿಗೆ ಒಂದು ಉಪಾಯ ಹೊಳೆಯಿತು. ತಾನು ಬೇಗ ಬಂದು ಅಪ್ಪನ ಬಳಿ ಕೂತರೆ ಅತ್ತಿಗೆ ನಿಜವಾಗಿಯೇ ನಡೆದು ಬರಬಹುದಲ್ಲ. ಫೋಟೊದವನಿಗೂ ಒಂದು ಬೆನ್ನು ಸಿಗುತ್ತದೆ, ಪುಟವೂ ಉಳಿಯುತ್ತದೆ. ಹೊಳೆದದ್ದೇ ತಡ, ನಾಚಿಕೆಯಾಯಿತು. ಎಷ್ಟೋ ವರ್ಷ ಹೊಳೆಯದ ಒಳ್ಳೆಯತನ ಪುಟಕ್ಕೆ ಸಂಚಕಾರ ಬಂದಾಗ ಹೊಳೆಯಿತೇ? ಅದಲ್ಲದೆ, ಚಿತ್ರಕ್ಕೆ ಒಪ್ಪುವಂತೆ ಬದುಕನ್ನು ತಿದ್ದುವುದು ಅವಳ ಕಸುಬಿನಲ್ಲಿ ಕಳ್ಳತನಕ್ಕೆ ಸಮ. ಆದರೂ ಮಾರನೆಯ ದಿನ ಮುಖ್ಯಸ್ಥರಿಗೆ ಫೋಟೊದ ವಿಷಯ ಸಂಜೆಯೊಳಗೆ ತಿಳಿಸುತ್ತೇನೆಂದು ಹೇಳಿ ಬೇಗ ಹೊರಟಳು.

ಅತ್ತಿಗೆ ಒಪ್ಪಲು ಬಹಳ ಹೊತ್ತು ಹಿಡಿಯಿತು. ಮಾವ ಎದ್ದರೆ, ಮಾವ ಅತ್ತರೆ, ಮಾವ ಹೊಡೆದರೆ ಎಂದು ಒಂದೊಂದನ್ನೇ ಹೇಳಿ, ಎಲ್ಲದಕ್ಕೂ ಉತ್ತರ ಬಂದ ಮೇಲೆ, ನಿದ್ದೆಯಲ್ಲಿದ್ದ ಮಾವನ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದು ಸೀರೆ ಬದಲಿಸಿದಳು. ಹೊಸಿಲಲ್ಲಿ ನಿಂತು ಎರಡು ಕೈಗಳನ್ನೂ ನೋಡಿಕೊಂಡಳು. ಖಾಲಿ ಕೈಗಳನ್ನು ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ. ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಆಮೇಲೆ ಹೊರಗಿನ ಚಿಲಕ ಬಿದ್ದ ಸದ್ದಾಯಿತು. ಕಸ ಹಾಕಲು ಕಟ್ಟಡದ ಹಿತ್ತಲಿಗೆ ಇಳಿದಾಗಲೆಲ್ಲ ಹಾಕಿ ಹಾಕಿ ಕೈಗೆ ರೂಢಿಯಾದ ಚಿಲಕ. ಒಳಗೆ ಪುಟ್ಟಿ ಇರುವುದು ಆ ಕೈಗೆ ನೆನಪಿರಲಿಲ್ಲ.

ಪುಟ್ಟಿ ಕೂಗಲು ಹೋದವಳು ಅಪ್ಪ ಎದ್ದಾರೆಂದು ಸುಮ್ಮನಾದಳು. ಕಿಟಕಿಗೆ ಹಣೆ ಹಚ್ಚಿ, ಕತ್ತು ಓರೆಮಾಡಿ ಬೀದಿಯ ಕಡೆ ನೋಡಿದಳು. ಅತ್ತಿಗೆ ಬೀದಿಗೆ ಇಳಿದು, ತಗಡಿನ ಬೇಲಿಯವರೆಗೆ ಬೇಗಬೇಗ ನಡೆದು, ಅಲ್ಲಿ ಗಕ್ಕನೆ ನಿಂತಳು. ಬೇಲಿಯನ್ನು ಕೈಯಿಂದ ಮುಟ್ಟಿದಳು. ಜನ ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ವಾಪಸು ಬಂದುಬಿಡುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ತಿರುವಿನಲ್ಲಿ ಎಡಕ್ಕಲ್ಲ, ಬಲಕ್ಕೆ ಹೊರಳಿ ಮರೆಯಾದಳು.

ಹಾಸಿಗೆಯ ಪಕ್ಕದ ಮೇಜಿನ ಮೇಲೆ ಅತ್ತಿಗೆಯ ಫೋನು ಅಲ್ಲೇ ಇತ್ತು. ಸಮೀಕ್ಷೆಯ ವಾರ ಮುಗಿದರೂ ಆ್ಯಪ್ ತೆಗೆದಿರಲಿಲ್ಲ, ಆರೈಕೆಯ ಗುಂಡಿ ಹೊಳೆಯುತ್ತಿತ್ತು. ನಡಿಗೆಯ ಗುಂಡಿ ಅದರ ಪಕ್ಕದಲ್ಲೇ, ಒತ್ತಿದರೆ ಮುಗಿಯಿತು. ಹೋಗದ ದಿನಗಳಿಗೆಲ್ಲ ಲೆಕ್ಕವಿದೆ, ಹೋದ ದಿನಕ್ಕೆ ಇಲ್ಲ. ಪುಟ್ಟಿಯ ಬೆರಳು ಫೋನಿನ ಗಾಜಿನ ತನಕ ಹೋಯಿತು. ಅಷ್ಟರಲ್ಲಿ ಅಪ್ಪ ಕಣ್ಣುಬಿಟ್ಟು ಅವಳ ಮಣಿಕಟ್ಟನ್ನು ಹಿಡಿದುಕೊಂಡರು. ಅವಳು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಹಿಡಿತ ಕಬ್ಬಿಣದ್ದು. ಜೋಲಿ ಹೊಡೆಯುವ ಬಸ್ಸಿನಲ್ಲಿ ಕಂಬಿ ಹಿಡಿದ ಕೈ ಅದು.

ಇನ್ನೊಂದು ಕೈಯಿಂದ ತನ್ನ ಫೋನು ತೆಗೆದು ಮುಖ್ಯಸ್ಥರಿಗೆ ಕರೆ ಮಾಡಿದಳು. ಆ ಚುಕ್ಕಿ ತಮ್ಮ ಮನೆಯದೇ ಎಂದಳು. ಅದು ಎಲ್ಲಿಗೂ ಹೋಗಿರಲಿಲ್ಲ, ಕೂತಿತ್ತು; ಕೂತು ಹೊರಗಿನದನ್ನು ನೆನೆಯುವುದಕ್ಕೆ ನಾವು ಗುಂಡಿ ಇಟ್ಟಿರಲಿಲ್ಲ, ಆ ಗಂಟೆಯನ್ನೂ ಆರೈಕೆಯಲ್ಲೇ ತೋರಿಸೋಣ ಎಂದಳು.

"ಮಿಸುಕದ ಚುಕ್ಕೀನ ಯಾರಮ್ಮಾ ನೋಡ್ತಾರೆ?" ಎಂದರು ಮುಖ್ಯಸ್ಥರು. "ಒಂದಾದರೂ ಹೊರಗೆ ಹೋಗ್ಬೇಕಿತ್ತು."

"ಇವತ್ತು ಹೋಗಿದೆ ಸಾರ್. ಫೋನ್ ಬಿಟ್ಟು ಹೋಗಿದೆ."

ಅವರು ನಗಲಿಲ್ಲ. ಭಾನುವಾರಕ್ಕೆ ಬೇರೆ ಪುಟ ನೋಡಿಕೊಳ್ಳುತ್ತೇನೆ, ಮನೆಯವರ ವಿಷಯ ಮೊದಲೇ ಹೇಳಬೇಕಿತ್ತು, ಸೋಮವಾರ ಮಾತಾಡೋಣ ಎಂದಷ್ಟೇ ಹೇಳಿ ಇಟ್ಟರು. ಅವರ ಮಾತು ಸರಿಯಾಗಿಯೇ ಇತ್ತು. ಸಿಟ್ಟು ತೀರಿಸಿಕೊಳ್ಳಲು ಪುಟ್ಟಿಗೆ ಯಾರೂ ಸಿಗಲಿಲ್ಲ.

ಆರು ಕಳೆಯಿತು. ಕುರ್ಚಿಯಲ್ಲಿ ಕೂತರೆ ಬೀದಿ ಕಾಣುವುದೇ ಇಲ್ಲವೆಂದು ಅವಳು ಗಮನಿಸಿದ್ದು ಆಗ. ಕಾಣುವುದು ಎದುರಿನ ಕಟ್ಟಡದ ಗೋಡೆ, ಅದರ ಮೇಲೊಂದು ನೀರಿನ ಪೈಪು. ಅತ್ತಿಗೆ ಇಷ್ಟು ಕಾಲ ನಡೆದದ್ದೆಲ್ಲ ಆ ಪೈಪನ್ನು ನೋಡುತ್ತಲೇ. ಪುಟ್ಟಿಯೂ ಕಣ್ಣು ಮುಚ್ಚಿ ಅವಳ ಹಿಂದೆ ಹೊರಟಳು. ಮೆಟ್ಟಿಲು, ಬೀದಿ, ಬೇಲಿ, ಬಲಕ್ಕೆ. ಅಲ್ಲಿಂದ ಮುಂದೆ ದಾರಿ ಸಿಗಲಿಲ್ಲ.

"ನಿಮ್ದು ಎಲ್ಲಿಗೆ?" ಎಂದರು ಅಪ್ಪ.

"ಗೊತ್ತಿಲ್ಲಪ್ಪ."

"ಹಾಗಾದ್ರೆ ಕೂತಿರಿ. ಕೊನೇ ಸ್ಟಾಪ್ ಬಂದಾಗ ಹೇಳ್ತೀನಿ." ಮಣಿಕಟ್ಟಿನ ಹಿಡಿತ ಸಡಿಲವಾಗಲಿಲ್ಲ.

ಕೋಣೆ ಮಬ್ಬಾಯಿತು. ದೀಪದ ಸ್ವಿಚ್ಚು ಕೈಗೆಟುಕುವಷ್ಟು ಹತ್ತಿರವಿರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿತು. ಪುಟ್ಟಿ ಚಿಲಕದ ಕಡೆಗೆ ಕಿವಿಯಿಟ್ಟಳು. ಹೆಜ್ಜೆಗಳು ಬಾಗಿಲ ಮುಂದೆ ಹಾದು ಮೇಲಿನ ಮನೆಗೆ ಹೋದವು.

"ರೈಟ್, ರೈಟ್," ಎಂದರು ಅಪ್ಪ.