ನಕ್ಷೆಯ ಹಿಂದಿನ ಮೈ

ಜಮಖಂಡಿಯ ಹೊರಗೆ ಕಟ್ಟುತ್ತಿದ್ದ ಇಗರ್ಜಿಯ ಗೋಪುರ ಇಪ್ಪತ್ತು ಅಡಿ ಎದ್ದ ಮೇಲೆ, ಅದು ತಪ್ಪು ಕಡೆ ಎದ್ದಿದೆಯೆಂದು ಪಾದ್ರಿಗೆ ಗೊತ್ತಾಯಿತು. ಮದರಾಸಿನಿಂದ ಬಂದ ಅಲ್ಲಿನ ಇಗರ್ಜಿಯ ಫೋಟೊದಲ್ಲಿ ಗೋಪುರ ಬಾಗಿಲಿನ ಬಲಕ್ಕಿತ್ತು, ಇಲ್ಲಿ ಎಡಕ್ಕೆ. ನಕ್ಷೆ ಎರಡಕ್ಕೂ ಒಂದೇ. ಮದರಾಸಿನಲ್ಲಿ ಸಾಲು ಇಗರ್ಜಿ ಕಟ್ಟಿಸಿ ಎಂದೋ ಮಣ್ಣು ಸೇರಿದ ಸಾಹೇಬನೊಬ್ಬ, ಆಚೆಯಿಂದ ಈಚೆಗೆ ಕಾಣುವಂಥ ತೆಳು ಅರಿವೆಯ ಮೇಲೆ ಬರೆದದ್ದು.

"ಈ ಗೌಂಡಿಗೆ ಎಡಬಲ ತಿಳಿಯೂದಿಲ್ರೀ," ಅಂದ ಓವರ್ಸಿಯರ್ ಪರಮಾನಂದ. "ಕೆಡವಿಸಿ ಬ್ಯಾರೇದಾವನ್ನ ಕರಸ್ತೀನಿ."

ಗೋಡೆ ಕಟ್ಟುವ ಗೌಂಡಿ ಗಂಗಾರಾಮನಿಗೆ ಮೈಯೆಲ್ಲ ಉರಿಯಿತು. ಈ ಮಾತು ತನ್ನೂರು ಮುಧೋಳ ಮುಟ್ಟಿದರೆ ನಾಳೆ ದನದ ಕೊಟ್ಟಿಗೆಯ ಗೋಡೆಗೂ ಅವನನ್ನು ಯಾರೂ ಕರೆಯಲಿಕ್ಕಿಲ್ಲ.

"ನೀವು ನಕ್ಷಾ ಹಲಗಿಗೆ ಹೆಂಗ ಬಡದಿದ್ರಿ, ಹಂಗ ನೋಡಿ ಕಟ್ಟೇನ್ರಿ!"

"ಸರಿಯಾಗೇ ಬಡದೇನಿ. ನೋಡಲೇ," ಅಂದ ಪರಮಾನಂದ.

ಹಲಗೆಯ ಮೇಲೆ ಗೋಪುರ ನಿಜಕ್ಕೂ ಬಲಕ್ಕಿತ್ತು. ನಿನ್ನೆ ಎಡಕ್ಕಿತ್ತಲ್ಲ! ಇಂಗ್ಲಿಷ್ ಅಕ್ಷರಗಳು ಅವನಿಗೆ ಯಾವ ಕಡೆಯಿಂದ ನೋಡಿದರೂ ಇರುವೆ ಸಾಲೇ.

ಸುಣ್ಣ ಅರೆಯುವ ಶಂಕ್ರೆವ್ವ ಕೈ ಒರೆಸಿಕೊಳ್ಳುತ್ತ ಬಂದಳು. ರಬಕವಿಯ ಮಗ್ಗದ ಮನೆಯಲ್ಲಿ ಹುಟ್ಟಿದವಳು. ಬಟ್ಟೆ ಕಂಡರೆ ಮೊದಲು ತಿರುವಿ ನೋಡುವ ಕೈ. ಯಾರನ್ನೂ ಕೇಳದೆ ಅರಿವೆಯ ಮೂಲೆಯೊಂದನ್ನು ಕಿತ್ತು ಎತ್ತಿದಳು.

"ಅಣ್ಣಾ, ಅಳತಿಗಂತ ದಿನಾ ಬೆರಳ ಇಡ್ತಿದ್ದಿ ಅಲಾ? ನಿನ್ನ ಸುಣ್ಣದ ಬೆರಳಗುರುತೆಲ್ಲಾ ಹಿಂದಿನ ಮೈಮ್ಯಾಲ ಅದಾವ. ಮುಂದ ಒಂದೂ ಇಲ್ಲ. ನಿನ್ನಿತನಕಾ ಉಲ್ಟಾ ಇದ್ದದ್ದು ಇವತ್ತ ಸೀದಾ ಆಗೇತಿ."

"ಆರು ತಿಂಗಳು ಅಕ್ಷರ ಉಲ್ಟಾ ಅದಾವಂತ ಓದಾಕ ಬರಾವ್ರಿಗೆ ಕಾಣಲಿಲ್ಲೇನ್ರಿ?" ಗಂಗಾರಾಮ ಕೂಗಿದ.

ಪರಮಾನಂದ ಅರಿವೆಯ ಮೂಲೆಯನ್ನು ಮತ್ತೆ ಹಲಗೆಗೆ ಒತ್ತಿ ಹಿಡಿದ. ತಿಂಗಳಿಗೊಮ್ಮೆ ಬಂದು ಗೋಡೆಯನ್ನಷ್ಟೇ ನೋಡಿ ಹೋಗುತ್ತಿದ್ದ ಪಾದ್ರಿ ಕೆಮ್ಮಿ, ಪುಸ್ತಕದಿಂದ ಕಲಿತ ಕನ್ನಡದಲ್ಲಿ ಹೇಳಿದ: "ಗಂಗಾರಾಮನೇ, ಗೋಪುರವು ಹೀಗೆಯೇ ನಿಲ್ಲಲಿ. ನಿನ್ನನ್ನು ಕ್ಷಮಿಸಿದ್ದೇನೆ."

"ನನ್ನನ್ನ?"

ಗಂಗಾರಾಮ ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡನ್ನು ಸೊಂಟದಿಂದ ಬಿಚ್ಚಿ, ದಾರಸಮೇತ ಪರಮಾನಂದನ ಕೈಯಲ್ಲಿಟ್ಟ. "ಆ ಕ್ಷಮಾ ಇವ್ರಿಗೆ ಕೊಡ್ರಿ. ಉಳದ ಗೋಪುರಾನೂ ಇವ್ರ ಕಟ್ಟಲಿ."

"ಹೋಗಬೇಡ," ಅಂದ ಪಾದ್ರಿ.

"ಎಲ್ಲಿ ಹೊಕ್ಕೀನ್ರಿ?" ಗಂಗಾರಾಮ ಗೋಪುರದ ಹೊಸ್ತಿಲಲ್ಲೇ ಕಾಲು ಚಾಚಿ ಕುಳಿತ. ಶಂಕ್ರೆವ್ವ ಸುಣ್ಣದ ಗಾಣದ ಎತ್ತು ಬಿಚ್ಚಿದಳು. ಕಲ್ಲು ಒಡೆಯುವ ಸದ್ದುಗಳು ಒಂದೊಂದಾಗಿ ನಿಂತವು.

ಪರಮಾನಂದನ ಕೈಯಲ್ಲಿ ಗುಂಡು ತೂಗಾಡುತ್ತಲೇ ಇತ್ತು. ಅವನು ಪಿಸುಗುಟ್ಟಿದ: "ತಪ್ಪು... ನಂದು."

"ಕೇಳಸಲಿಲ್ರೀ," ಅಂದ ಗಂಗಾರಾಮ. "ಮುಧೋಳಕ್ಕ ಕೇಳೂಹಂಗ ಹೇಳ್ರಿ."